ನೀಲಿ ಕ್ರೇಟು

ಕೋಲಾರದಲ್ಲಿ ಏಜೆಂಟ್ ಅಂದರೆ ಟೊಮೆಟೊ ಮಂಡಿಯವನು. ಕಾದಂಬರಿಗೂ ಏಜೆಂಟ್ ಇರುತ್ತಾರೆಂದು ಗೊತ್ತಾದದ್ದು ಬೆಂಗಳೂರಿನ ಸುಮೇಧಾ ಫೋನ್ ಮಾಡಿದಾಗ. ಯಾರೋ ಕೊಟ್ಟ ವಿಳಾಸಕ್ಕೆ ನಾನು ಕಳಿಸಿದ್ದ ಕಾದಂಬರಿಯನ್ನು ಓದಿದ್ದರು. ಅವರು ಒಪ್ಪಿದರೆ ಅದು ದೊಡ್ಡ ಪ್ರಕಾಶಕರ ಕೈ ಸೇರುತ್ತಿತ್ತು.

"ಪದ್ಮಶ್ರೀ, ಹೊಸಬರ ಮೊದಲ ಪುಟ ಓದುಗನ ಕೊರಳಪಟ್ಟಿ ಹಿಡೀಬೇಕು. ಕೊಲೇನ ಮುಂದಕ್ಕೆ ತನ್ನಿ. ನಿಮಗೆ ಓದೋರಿದ್ದಾರಾ ಅಂತ ಪ್ರಕಾಶಕರು ಕೇಳ್ತಾರೆ, ಆ ಪುಟ ಫೇಸ್‌ಬುಕ್‌ಗೆ ಹಾಕಿ," ಎಂದರು. ಹಾಕಿದೆ.

ಕೊಲೆ ನನ್ನ ಅಣ್ಣ ವೆಂಕಟನದು. ಚನ್ನರಾಯಪ್ಪನ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ. ತೂಕದ ಮೋಸವನ್ನು ರೈತರ ಎದುರೇ ಹೇಳಿದ್ದಕ್ಕೆ ಚನ್ನರಾಯಪ್ಪ ಲಾರಿಯ ಜಾಕ್ ರಾಡಿನಿಂದ ಅವನ ತಲೆಗೆ ಹೊಡೆದ. ಬಿದ್ದ ಮೇಲೂ ಹೊಡೆದ. ಊಟ ಕೊಡಲು ಹೋಗಿದ್ದ ನಾನು ಕಣ್ಣಾರೆ ಕಂಡೆ. ಆಮೇಲೆ ಅವನು ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು, ಮುಂದಿನ ಲಾಟಿನ ಹರಾಜನ್ನು ತಾನೇ ಕೂಗಿದ. ಕೇಸು ಲಾರಿ ಅಪಘಾತವೆಂದು ಮುಗಿಯಿತು. ನೋಡಿದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು, ನನ್ನೊಬ್ಬಳ ಮಾತನ್ನು ಪೊಲೀಸರು ಬರೆದುಕೊಳ್ಳಲಿಲ್ಲ. ನಿಜ ಉಳಿದದ್ದು ನನ್ನ ಕಾದಂಬರಿಯಲ್ಲಿ ಮಾತ್ರ, ಅದು ಅಚ್ಚಾಗಲೇಬೇಕಿತ್ತು.

ಸುಮೇಧಾ ಮತ್ತೆ ಫೋನ್ ಮಾಡಿದರು. "ಚೆನ್ನಾಗಿದೆ. ಆದ್ರೆ ಕೊಲೆಗಾರ ಇಷ್ಟು ತಣ್ಣಗಿರ್ತಾನಾ? ಪಾತ್ರ ನಂಬೋ ಹಾಗಿರಬೇಕು. ಕೂಗಾಡಲಿ, ಕೈ ನಡುಗಲಿ. ಇದೊಂದು ತಿದ್ದಿದ್ರೆ ತಗೋತೀನಿ."

ನಾನು ಕಂಡದ್ದನ್ನೇ ಬರೆದಿದ್ದೆ. ಆದರೂ ತಿದ್ದಿದೆ. ಅವನನ್ನು ಕೂಗಾಡಿಸಿದೆ, ನಡುಗಿಸಿದೆ, ಕೊನೆಗೆ ಒಂದು ಹನಿ ಕಣ್ಣೀರನ್ನೂ ಹಾಕಿಸಿದೆ.

ಮುಗಿಸುವಷ್ಟರಲ್ಲಿ ಚನ್ನರಾಯಪ್ಪ ಜಾಕ್ ರಾಡು ಹಿಡಿದು ಬಾಗಿಲಲ್ಲಿ ನಿಂತಿದ್ದ. ಫೇಸ್‌ಬುಕ್ಕಿನಲ್ಲಿ ಅವನ ಹೆಸರು ಬದಲಿಸಿದ್ದೆ, ಊರನ್ನು ಮುಳಬಾಗಿಲು ಮಾಡಿದ್ದೆ. ಟೊಮೆಟೊ ತುಂಬುವ ಕ್ರೇಟುಗಳನ್ನು ಮಾತ್ರ ನೀಲಿಯಾಗಿಯೇ ಬಿಟ್ಟಿದ್ದೆ. ನಮ್ಮಲ್ಲಿ ಮಂಡಿಗೊಂದು ಬಣ್ಣದ ಕ್ರೇಟು. ನೀಲಿ ಯಾರದೆಂದು ಮಾಲೂರು, ಶ್ರೀನಿವಾಸಪುರದ ರೈತರಿಗೂ ಗೊತ್ತು. ನನ್ನ ಬುದ್ಧಿಗೆ ಮಂಕು ಕವಿದಿತ್ತು.

"ಏಮ್ಮಾ, ಕಥೆ ಬರೀತೀಯಂತೆ," ಎಂದ ಮೆಲ್ಲಗೆ. "ಯಾವ ಕೈಲಿ?"

ನನ್ನ ಬಲಗೈ ತಿರುಚಿ ಹೊಸ್ತಿಲ ಮೇಲೆ ಒತ್ತಿ ಹಿಡಿದು ರಾಡು ಎತ್ತಿದ. ಮೂಳೆ ಮುರಿದ ಸದ್ದು ನನ್ನ ಚೀರಾಟದ ನಡುವೆಯೂ ಕೇಳಿಸಿತು. ಮತ್ತೆ ಹೊಡೆದ. ಚರ್ಮ ಒಡೆದು ರಕ್ತ ಅವನ ಅಂಗಿಗೆ ಸಿಡಿಯಿತು. ಅವನ ಉಸಿರು ಸಹ ಏರಿರಲಿಲ್ಲ. ಹೆಗಲ ಟವೆಲ್ ತೆಗೆದು ಒಂದೊಂದೇ ಬೆರಳು ಒರೆಸಿಕೊಂಡ.

"ಅಳಿಸಿಬಿಡು ಕಣಮ್ಮಾ. ಹರಾಜಿಗೆ ಹೊತ್ತಾಯ್ತು, ಬರ್ತೀನಿ."

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕುವಾಗ ನೋವಿಗಿಂತ ಸಿಟ್ಟೇ ಹೆಚ್ಚಿತ್ತು. ಅವನ ಮೇಲೆ ಹೇಗೂ ಇತ್ತು. ಕಂಡದ್ದನ್ನು ತಿದ್ದಿದ ನನ್ನ ಮೇಲೆ ಇನ್ನೂ ಹೆಚ್ಚಿತ್ತು. ಮನೆಗೆ ಬಂದು ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ಕೂಗಾಟ ತೆಗೆದೆ, ಕಣ್ಣೀರು ತೆಗೆದೆ. ಸುಳ್ಳು ಹೆಸರಿದ್ದ ಕಡೆಯಲ್ಲೆಲ್ಲ ಚನ್ನರಾಯಪ್ಪ ಎಂದು ಬರೆದೆ.

"ತಿದ್ದಿದ್ರಾ?" ಎಂದು ಫೋನಿನಲ್ಲಿ ಕೇಳಿದರು ಸುಮೇಧಾ.

"ತಿದ್ದಿದೀನಿ," ಎಂದೆ. "ಅವನ ಕೈ ನಡುಗಲ್ಲ ಮೇಡಂ. ನೀವು ತಗೊಳ್ಳದಿದ್ರೂ ಪರವಾಗಿಲ್ಲ, ಈಗಲೇ ಫೇಸ್‌ಬುಕ್‌ಗೆ ಹಾಕ್ತಿದೀನಿ."