ಕ್ಲಾಸೀನಾ ಬಿಟ್ಟುಹೋದದ್ದು

ಅಡ್ರಿಯಾನಾ ಕಿವಿಯನ್ನು ತಾಯಿಯ ಬಾಯಿಯ ಹತ್ತಿರಕ್ಕೆ ಒಯ್ದು ಉಸಿರು ಬಿಗಿಹಿಡಿದಳು. ತುಟಿಗಳು ಅಲುಗುತ್ತಿದ್ದವು. ಒಳಗಿನಿಂದ ಏನೋ ಮೇಲಕ್ಕೆ ಬರಲು ಹವಣಿಸುತ್ತಿರುವಂತಿತ್ತು.

"ಏನಮ್ಮಾ? ಇನ್ನೊಂದ್ಸಲ ಹೇಳು."

"ನಿನ್ನ ಕೂದ್ಲು," ಎಂದಳು ಕ್ಲಾಸೀನಾ. "ಮೂಗಿಗೆ ಬರ್ತಿದೆ."

ಅಡ್ರಿಯಾನಾ ಹಿಂದೆ ಸರಿದು ಕೂದಲನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡಳು. ಮಂಚದ ಪಕ್ಕದ ಮೇಜಿನ ಮೇಲೆ ನೋಟುಪುಸ್ತಕ ತೆರೆದೇ ಇತ್ತು. ಪೆನ್ಸಿಲ್ ಎತ್ತಿಕೊಂಡವಳು ಏನೂ ಬರೆಯದೆ ಕೆಳಗಿಟ್ಟಳು. ಹದಿನೇಳು ದಿನಗಳಲ್ಲಿ ಅದರಲ್ಲಿ ಎರಡು ಪುಟವೂ ತುಂಬಿರಲಿಲ್ಲ. ‘ನೀರು.’ ‘ಕಾಲು ತಣ್ಣಗಿದೆ.’ ‘ಈರುಳ್ಳಿ ಬಿತ್ತನೆ ಆಯಿತೇ.’ ಒಂದು ಬೆಳಿಗ್ಗೆ ‘ಅಯ್ಯೋ ದೇವರೇ’ ಎಂದದ್ದನ್ನು ಗಂಟೆ ನಿಮಿಷ ಸಮೇತ ಬರೆದಿದ್ದಳು. ಆದರೆ ಅದು ಮಗ್ಗುಲು ಹೊರಳಿಸುವಾಗ ಬಂದ ನೋವಿನ ಮಾತು. ಸಂಜೆಯ ಹೊತ್ತಿಗೆ ತಾನೇ ಅದರ ಮೇಲೆ ಗೆರೆ ಎಳೆದಿದ್ದಳು.

ಊರಿನವರೆಲ್ಲ ಕಾಯುತ್ತಿದ್ದದ್ದು ಒಂದು ಮಾತಿಗೆ. ಕ್ಲಾಸೀನಾಗೆ ಎಂಬತ್ತಾರು. ಪ್ರತಿ ಭಾನುವಾರ ಎರಡು ಸಲ ಅದೇ ಚರ್ಚು, ಅದೇ ಬೆಂಚು. ವರ್ಷಕ್ಕೆ ನಾಲ್ಕು ಸಲ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನದ ಮೇಜಿಗೆ ಬಿಳಿ ಬಟ್ಟೆ ಹಾಸಿದಾಗ ಆರುನೂರು ಜನರಲ್ಲಿ ಎದ್ದು ಹೋಗುತ್ತಿದ್ದವರು ಹದಿನೈದೋ ಹದಿನಾರೋ ಮಂದಿ. ದೇವರು ತಮ್ಮನ್ನು ಆರಿಸಿಕೊಂಡಿದ್ದಾನೆಂದು ಒಳಗೇ ಖಚಿತವಾದವರು ಅವರು. ಉಳಿದವರು ಕೂತು ನೋಡುತ್ತಿದ್ದರು. ಖಚಿತವಿಲ್ಲದೆ ಆ ರೊಟ್ಟಿ ತಿಂದವನು ತನ್ನ ಶಿಕ್ಷೆಯನ್ನೇ ತಿಂದಂತೆ. ಕ್ಲಾಸೀನಾ ಒಮ್ಮೆಯೂ ಎದ್ದವಳಲ್ಲ. ಅಂಥವರಿಗೆ ಉಳಿಯುವುದು ಕೊನೆಯ ಹಾಸಿಗೆ. ಅಲ್ಲಿ ಬಾಯಿಂದ ಕೃಪೆಯ ಒಂದು ಸುಳಿವು ಹೊರಬಿದ್ದರೂ ‘ಏನೋ ಬಿಟ್ಟುಹೋದಳು’ ಎನ್ನುತ್ತಾರೆ. ಇಲ್ಲದಿದ್ದರೆ ಏನೂ ಎನ್ನುವುದಿಲ್ಲ.

ಏನೂ ಎನ್ನದಿರುವುದು ಹೇಗಿರುತ್ತದೆಂದು ಅಡ್ರಿಯಾನಾ ಕಂಡಿದ್ದಳು. ಹನ್ನೊಂದು ವರ್ಷಗಳ ಹಿಂದೆ ಅಪ್ಪ ಟ್ರ್ಯಾಕ್ಟರಿನ ಪಕ್ಕದಲ್ಲಿ ಕುಸಿದು ಸತ್ತಾಗ ಒಂದು ಮಾತಿಗೂ ಸಮಯವಿರಲಿಲ್ಲ. ಮಣ್ಣು ಮಾಡುವ ದಿನ ಬೋಧಕರು ಮನುಷ್ಯರೆಲ್ಲ ಹುಲ್ಲಿನಂತೆ, ಹುಲ್ಲು ಒಣಗಿಹೋಗುತ್ತದೆ ಎಂಬ ಬೈಬಲ್ ವಚನದ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಅಪ್ಪನ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ. ಯಾರಿಗೂ ಅದು ಕ್ರೂರವೆನಿಸಲಿಲ್ಲ, ಗೊತ್ತಿಲ್ಲದ್ದನ್ನು ಹೇಳಬಾರದಷ್ಟೆ. ಅಮ್ಮ ಮಾತ್ರ ಆ ನಲವತ್ತು ನಿಮಿಷವೂ, ಬೋಧನೆ ಕೇಳುತ್ತಾ ಚೀಪಲೆಂದು ಎಲ್ಲರೂ ತರುವ ಪೆಪ್ಪರ್‌ಮಿಂಟಿನ ಪೊಟ್ಟಣವನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದಳು, ಒಂದನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಇನ್ನೊಮ್ಮೆ ಆ ಬೆಂಚಿನಲ್ಲಿ ಹಾಗೆ ಕೂರುವುದು ತನ್ನಿಂದಾಗದು ಎಂದು ಅಡ್ರಿಯಾನಾಗೆ ಗೊತ್ತಿತ್ತು.

ಒಂಬತ್ತಕ್ಕೆ ಲತೀಫಾ ಬಂದಳು. ಕಾಯಿಲೆಯವರ ಮನೆಗಳಿಗೇ ಹೋಗಿ ಆರೈಕೆ ಮಾಡುವುದು ಅವಳ ಕೆಲಸ. ಇಲ್ಲಿಗೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಮತ್ತೊಮ್ಮೆ. ಅವಳ ಅಜ್ಜ ಮೊರಾಕೊದಿಂದ ಬಂದವನು. ಅವಳು ಹುಟ್ಟಿದ್ದು ಹದಿನೈದು ಕಿಲೋಮೀಟರ್ ಆಚೆಯ ಬಂದರಿನ ಪಟ್ಟಣದಲ್ಲಿ, ಆಡುವ ಮಾತು ಈ ಕಡಲ ಸೀಮೆಯದೇ. ಒಗೆದ ಹಾಸುಬಟ್ಟೆ ಹಿಡಿದು ಓಣಿಯಂಥ ನಡುಮನೆಯಲ್ಲಿ ಬರುತ್ತಿದ್ದ ಅಡ್ರಿಯಾನಾ ಒಳಗಿನ ಮಾತು ಕೇಳಿ ಬಾಗಿಲ ಹೊರಗೇ ನಿಂತಳು.

"ಸಾಯಂಕಾಲದವರೆಗೂ ನೀರೂ ಇಲ್ವಾ?" ತಾಯಿ ಕೇಳುತ್ತಿದ್ದಳು.

"ನೀರೂ ಇಲ್ಲ ಅಜ್ಜಿ. ಸೂರ್ಯ ಮುಳುಗ್ಬೇಕು."

"ನಂಗೂ ಇಲ್ಲ, ಗಂಟಲಲ್ಲಿ ಇಳಿಯಲ್ಲ. ನಾನೂ ನಿಮ್ಮೋಳೇ ಆಗ್ಬಿಟ್ಟೆ ಅಂತ ನಮ್ ಚರ್ಚಿನ ಹಿರಿಯ ಆ ವಿಸ್ಸೆಗೆ ಹೇಳ್ಬಿಟ್ಟೀಯ, ಪಾಪ, ಎದೆ ಒಡ್ಕೊಂಡು ಸಾಯ್ತಾನೆ."

ಲತೀಫಾ ನಕ್ಕಳು. ತಾಯಿಯ ನಗು ಕೆಮ್ಮಾಗಿ, ಮತ್ತೆ ನಗುವಾಯಿತು. "ನನ್ನ ಮಗಳ ಮುಂದೆ ಒಂದು ಹೂಸು ಬಿಡೋ ಹಾಗಿಲ್ಲ ಕಣೇ. ಟೈಮ್ ನೋಡಿ ಬರ್ಕೊಂಡ್ಬಿಡ್ತಾಳೆ."

ನಗು ನಿಲ್ಲುವವರೆಗೆ ಕಾದು ಅಡ್ರಿಯಾನಾ ಒಳಗೆ ಹೋದಳು. ತಾಯಿಯ ಮುಖ ಮುಚ್ಚಿಕೊಂಡಿತು. ಶಾಲಾ ಇನ್‌ಸ್ಪೆಕ್ಟರು ಬಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಾಗ ಮಕ್ಕಳ ಮುಖ ಹೀಗೇ ಆಗುತ್ತಿತ್ತು. ಮೂವತ್ತು ವರ್ಷ ಪಾಠ ಮಾಡಿದ ಅಡ್ರಿಯಾನಾಗೆ ಆ ಮುಖ ಗೊತ್ತಿತ್ತು. ಇಬ್ಬರೂ ಸೇರಿ ತಾಯಿಯನ್ನು ಹೊರಳಿಸಿದರು. ಹಕ್ಕಿಯಷ್ಟು ಹಗುರವಾಗಿದ್ದಳು.

ಅಡುಗೆಮನೆಯಲ್ಲಿ ಕೈ ತೊಳೆಯುತ್ತಿದ್ದ ಲತೀಫಾಳಿಗೆ ಅಡ್ರಿಯಾನಾ ಹೇಳಿದಳು, "ನಿನ್ ಹತ್ರ ಎಷ್ಟು ಮಾತಾಡ್ತಾಳೆ."

"ನಾನೇನೂ ಕೇಳಲ್ವಲ್ಲ ಅಕ್ಕಾ. ಅದಕ್ಕೇ ಇರ್ಬೇಕು."

ಅಡ್ರಿಯಾನಾ ಒಂದು ಕಪ್ಪು ಕಾಫಿ ಬಗ್ಗಿಸಿಕೊಂಡು, ಎದುರಿಗಿದ್ದವಳು ಉಪವಾಸವೆಂದು ನೆನಪಾಗಿ ಕಪ್ಪನ್ನು ದೂರ ಸರಿಸಿದಳು. "ನಿಮ್ಮಲ್ಲಿ ಸಾಯೋವಾಗ ಏನ್ಮಾಡ್ತೀರ?"

"ಕಿವಿ ಹತ್ರ ಕೂತು ಸಾಕ್ಷಿ ಮಾತು ಹೇಳ್ತೀವಿ. ದೇವರೊಬ್ಬನೇ ಅಂತ. ಅವರು ನಮ್ ಹಿಂದೆ ಹೇಳಿದ್ರೆ ಒಳ್ಳೇದು."

"ಹೇಳ್ದಿದ್ರೆ?"

"ಬಾಯಿ ಬಿದ್ದೋಗಿದ್ರೆ ಏನ್ಮಾಡೋದು? ಕೇಳಿಸ್ಕೊಂಡ್ರಲ್ಲ ಅಂದ್ಕೋತೀವಿ. ನಮ್ಮಜ್ಜ ಹೋಗೋವಾಗ ಮೂರು ಜನ ಚಿಕ್ಕಪ್ಪಂದಿರು ಒಬ್ಬರಾದ್ಮೇಲೆ ಒಬ್ಬರು ಹೇಳಿದ್ರು. ಒಬ್ಬರು ತಪ್ಪು ಹೇಳ್ತಿದಾರೆ ಅಂತ ಇನ್ನೊಬ್ಬರು ಅಲ್ಲೇ ಜಗಳ."

"ಬೇರೆಯೋರು ಹೇಳ್ಕೊಟ್ಟದ್ದು ನಡೆಯುತ್ತಾ?"

"ಅದು ಮೇಲಿರೋನಿಗೆ ಗೊತ್ತು. ನಮ್ ಕೆಲಸ ನಾವು ಮಾಡ್ತೀವಿ." ಲತೀಫಾ ಟವಲನ್ನು ಮಡಿಸಿ ಹಾಕಿದಳು. "ನೀವು ಎಷ್ಟು ದಿನ ಆಯ್ತಕ್ಕಾ ಮಲಗಿ?"

ನಮ್ಮಲ್ಲಿ ಯಾರಿಗೂ ಯಾರೂ ಹೇಳಿಕೊಡುವಂತಿಲ್ಲ ಎನ್ನಬೇಕೆಂದು ಅಡ್ರಿಯಾನಾಗೆ ಅನಿಸಿತು. ಹೇಳಿಕೊಟ್ಟರೆ ಅದು ಕಳ್ಳಮಾಲು. ತಾನಾಗಿ ಬರಬೇಕು, ಬರುವವರೆಗೆ ಕಾಯಬೇಕು. ಆದರೆ ಅಷ್ಟನ್ನು ವಿವರಿಸುವ ತ್ರಾಣ ಅವಳಲ್ಲಿರಲಿಲ್ಲ.

ಮರುದಿನ ಮಧ್ಯಾಹ್ನ ಎರಡಕ್ಕೆ ಲತೀಫಾ ಬಂದಾಗ ಬಾಗಿಲು ತೆಗೆದು, ಒಂದು ಆಲೂಗೆಡ್ಡೆ ಸುಲಿದು ಮುಗಿಸಿ ಬರುತ್ತೇನೆಂದು ಅಡ್ರಿಯಾನಾ ಅಡುಗೆಮನೆಗೆ ಹೋದಳು. ಮುಂದೆ ಅವಳಿಗೆ ಗೊತ್ತಾದದ್ದು ಹೆಗಲ ಮೇಲೆ ಬಿದ್ದ ಕೈ. ಕೆನ್ನೆ ಮೇಜಿಗೆ ಅಂಟಿಕೊಂಡಿತ್ತು. ಸುಲಿಯುವ ಚಾಕು ಇನ್ನೂ ಬೆರಳುಗಳಲ್ಲೇ ಇತ್ತು. ಗೋಡೆಯ ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು.

"ಅಕ್ಕಾ," ಎಂದಳು ಲತೀಫಾ. ಅವಳ ಮುಖ ನೋಡಿದ ಮೇಲೆ ಕೇಳುವುದೇನೂ ಉಳಿಯಲಿಲ್ಲ.

ಕೋಣೆಯಲ್ಲಿ ತಾಯಿಯ ಬಾಯಿ ಸ್ವಲ್ಪ ತೆರೆದಿತ್ತು. ಅಡ್ರಿಯಾನಾ ಅಭ್ಯಾಸಬಲದಿಂದ ಬಗ್ಗಿ ಅದರ ಹತ್ತಿರ ಕಿವಿಯಿಟ್ಟಳು. ಸ್ವಲ್ಪ ಹೊತ್ತು ಹಾಗೇ ಇದ್ದು ನೆಟ್ಟಗಾದಳು.

"ಯಾಕೆ ಎಬ್ಬಿಸ್ಲಿಲ್ಲ?"

"ಉಸಿರು ಬದಲಾದ ಕೂಡ್ಲೇ ಕರೆಯಕ್ಕೆ ಅಂತ ಎದ್ದೆ. ಬಾಗಿಲವರೆಗೂ ಬಂದಿರ್ಲಿಲ್ಲ, ಅಷ್ಟರಲ್ಲಿ..."

"ಅದಕ್ಕೆ ಮುಂಚೆ. ಒಂದು ಗಂಟೆ ಮಲಗಿದ್ದೆ ನಾನು. ಹದಿನೆಂಟು ದಿನ ಕಾದಿದೀನಿ, ಲತೀಫಾ. ನಿಂಗೆ ಗೊತ್ತಿತ್ತು ಯಾತಕ್ಕೆ ಅಂತ."

"ಎಬ್ಬಿಸ್ಬೇಕು ಅಂತಾನೇ ಹೊರಟಿದ್ದೆ. ಅಜ್ಜೀನೇ ಬೇಡ ಅಂದ್ರು." ಲತೀಫಾ ತನ್ನ ಕೈಗಳನ್ನು ನೋಡಿಕೊಂಡಳು. "ಅವಳೆಲ್ಲಿ ಅಂತ ಕೇಳಿದ್ರು. ಮೇಜಿನ ಮೇಲೇ ನಿದ್ದೆ ಹೋಗಿದಾರೆ ಅಂದೆ. ‘ಮಲಗ್ಲಿ, ಎಬ್ಬಿಸ್ಬೇಡ’ ಅಂದ್ರು."

"ಆಮೇಲೆ?"

"ಆಮೇಲೆ ಏನೂ ಇಲ್ಲ. ಕೈ ಹಿಡ್ಕೊಂಡಿದ್ದೆ."

"ದೇವರ ಹೆಸರು? ಒಂದು ಸಲಾನಾದ್ರೂ?"

"ಇಲ್ಲಕ್ಕಾ."

"ನೀನೇನಾದ್ರೂ ಅವಳ ಕಿವೀಲಿ ಹೇಳಿದ್ಯಾ? ನಿಮ್ದು?"

"ಇಲ್ಲ. ಅವರದ್ದು ಅವರಿಗೆ."

ಅಡ್ರಿಯಾನಾ ಕುರ್ಚಿಯಲ್ಲಿ ಕೂತಳು. ಅಳು ಬರಬಹುದೆಂದು ಕಾದಳು. ಬಂದದ್ದು ಆಕಳಿಕೆ. ಅದಕ್ಕೆ ನಾಚಿ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಡಾಕ್ಟರು ಬಂದು ಹೋದ ಮೇಲೆ ತಮ್ಮನಿಗೆ ಫೋನು ಮಾಡಿದಳು. ಕ್ರೈನ್ ರಾಟರ್‌ಡ್ಯಾಮಿನ ಹತ್ತಿರ ಇದ್ದಾನೆ, ಅಲ್ಲಿಯ ಸಭೆಯಲ್ಲಿ ಅವನೂ ಹಿರಿಯ. ಸ್ವಲ್ಪ ಹೊತ್ತು ಅತ್ತು, ಮೂಗು ಒರೆಸಿಕೊಂಡು ಕೇಳಿದ, "ಏನಾದ್ರೂ ಹೇಳಿದ್ಲಾ?"

"ಹೇಳ್ತೀನಿ. ಮೊದ್ಲು ನೀನು ಹೊರಡು."

"ಅಂದ್ರೆ ಇಲ್ಲ. ನೋಡು, ಜನವರೀಲಿ ‘ನಾನು ಮನೆಗೆ ಹೋಗ್ಬೇಕು’ ಅಂದಿದ್ಲು, ನಾನೇ ಕೇಳಿದೀನಿ. ಎಷ್ಟು ಆಸೆಯಿಂದ ಅಂದ್ಲು. ವಿಸ್ಸೆ ಬಂದಾಗ ಅದನ್ನ ಹೇಳು."

"ಅವತ್ತು ಆಸ್ಪತ್ರೇಲಿದ್ಲು ಕ್ರೈನ್. ಅಲ್ಲಿ ಸೂಪಿಗೆ ಉಪ್ಪಿಲ್ಲ ಅಂತ ಜಗಳ ಆಡ್ಕೊಂಡು ಹಾಗಂದದ್ದು."

"ಉಪ್ಪಿನ ಮಾತು ಯಾಕೆ ಹೇಳ್ಬೇಕು? ಸುಳ್ಳೇನಲ್ಲವಲ್ಲ. ಅಪ್ಪನಿಗೆ ಆದ ಥರ ಮಾಡ್ಬೇಡ ಅಕ್ಕಾ. ಅಮ್ಮನ್ನೂ ಹಾಗೆ ಕಳಿಸ್ಬೇಡ."

ಫೋನು ಇಟ್ಟು ಅವಳು ನೋಟುಪುಸ್ತಕ ತೆಗೆದಳು. ಜನವರಿಯ ಆ ವಾಕ್ಯವನ್ನು ಬರೆದಳು. ಒಂಟಿಯಾಗಿ ನಿಂತಾಗ ಅದು ದೇವರ ಮನೆಯ ಮಾತಿನಂತೆ ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು. ಬೋಧಕರು ಅದನ್ನು ಪೀಠದಿಂದ ಓದುವ ದನಿಯೂ ಕೇಳಿದಂತಾಯಿತು. ಒಳಕೋಣೆಯಲ್ಲಿ ಲತೀಫಾ ತಾಯಿಯ ತಲೆ ಬಾಚುತ್ತಿದ್ದಳು. ಅವಳ ಪಾಳಿ ಮುಗಿದು ಒಂದು ಗಂಟೆಯಾಗಿತ್ತು.

ಸಭೆಯ ಹಿರಿಯ ವಿಸ್ಸೆ ಐದು ಗಂಟೆಗೆ ಸೈಕಲ್ಲಿನಲ್ಲಿ ಬಂದರು. ಎಪ್ಪತ್ತು ದಾಟಿದ ಈರುಳ್ಳಿ ಬೆಳೆಗಾರ. ಕಪ್ಪು ಕೋಟಿನ ತೋಳುಗಳಿಂದ ಹೊರಬಂದ ಕೈಗಳ ಬಿರುಕುಗಳಲ್ಲಿ ಮಣ್ಣು ಕೂತಿತ್ತು. ತಾಯಿಯ ಕಾಲ ಬಳಿ ಸ್ವಲ್ಪ ಹೊತ್ತು ನಿಂತು, ಲತೀಫಾಳಿಗೆ ತಲೆಬಾಗಿಸಿ, ಮುಂದಿನ ಕೋಣೆಗೆ ಬಂದು ಕೂತರು. ಊರಿನ ಪ್ರತಿ ಸಾವಿನ ಮನೆಯಲ್ಲೂ ಕೇಳುತ್ತಿದ್ದದ್ದನ್ನೇ ಕೇಳಿದರು.

"ತಾಯಿ ಏನಾದ್ರೂ ಬಿಟ್ಟುಹೋದ್ರಾ, ಅಡ್ರಿಯಾನಾ?"

ನೋಟುಪುಸ್ತಕ ಅವಳ ಮಡಿಲಲ್ಲಿತ್ತು. ಅದನ್ನು ತೆರೆದು ಕೊಟ್ಟರೆ ಸಾಕಿತ್ತು, ಬಾಯಿಯಿಂದ ಏನೂ ಹೇಳಬೇಕಿರಲಿಲ್ಲ. ಅವಳು ರಟ್ಟಿನ ಮೇಲೆ ಅಂಗೈ ಊರಿದಳು.

"ನಾನು ನಿದ್ದೆ ಹೋಗ್ಬಿಟ್ಟಿದ್ದೆ ಹಿರಿಯರೇ. ‘ಅವಳು ಮಲಗ್ಲಿ, ಎಬ್ಬಿಸ್ಬೇಡ’ ಅಂದ್ಲಂತೆ. ಕೊನೇ ಮಾತು ಅದು."

ವಿಸ್ಸೆ ಕಾದರು. ಇನ್ನೂ ಇದೆಯೆಂದುಕೊಂಡಿದ್ದರು.

"ಅಷ್ಟೇ," ಎಂದಳು ಅವಳು.

"ಅದಕ್ಕೆ ಮುಂಚೆ? ಚಳಿಗಾಲದಲ್ಲಿ?"

"ಇಲ್ಲ."

ಅವರು ಹ್ಯಾಟನ್ನು ಮೊಣಕಾಲ ಮೇಲೆ ಒಂದು ಸುತ್ತು ತಿರುಗಿಸಿದರು. "ಬೋಧಕರಿಗೆ ಏನು ಹೇಳ್ಲಿ?"

"ಇದನ್ನೇ ಹೇಳಿ."

"ಇದನ್ನ ಪೀಠದಿಂದ ಹೇಳಕ್ಕಾಗಲ್ಲಮ್ಮ. ಇದು ತಾಯಿ ಮಾತು. ಯಾರ ತಾಯಿ ಬೇಕಾದ್ರೂ ಹೇಳ್ತಾಳೆ."

"ಗೊತ್ತು."

"ಹುಲ್ಲಿನ ವಚನಾನೇ ತಗೋತಾರೆ."

"ತಗೊಳ್ಳಿ. ನಾನು ಕೂತಿರ್ತೀನಿ."

ಅವರು ಪ್ರಾರ್ಥನೆ ಮಾಡಿದರು. ಉಳಿದವರಿಗಾಗಿ ಮಾಡುವ ಪ್ರಾರ್ಥನೆ; ಹೋದವಳ ಹೆಸರು ಅದರಲ್ಲಿ ಬರಲಿಲ್ಲ, ಸತ್ತವರಿಗಾಗಿ ಬೇಡುವುದು ಅವರಲ್ಲಿ ಇಲ್ಲದ್ದರಿಂದ ಬರುವಂತೆಯೂ ಇರಲಿಲ್ಲ. ಅಡ್ರಿಯಾನಾ ಬಾಗಿಲವರೆಗೆ ಹೋದಳು. ವಿಸ್ಸೆ ಮೆಟ್ಟಿಲಿಳಿದು, ಸೈಕಲ್ಲಿನ ಹ್ಯಾಂಡಲ್ ಹಿಡಿದು, ತಿರುಗದೆ ಕೇಳಿದರು.

"ಎಷ್ಟು ಹೊತ್ತು ಮಲಗಿದ್ದೆ?"

"ಒಂದು ಗಂಟೆ. ಸ್ವಲ್ಪ ಜಾಸ್ತಿ."

"ಒಂದು ಗಂಟೆ," ಎಂದರು ಅವರು. ಸೈಕಲ್ಲಿನ ಬೆಲ್ಲಿನ ಮೇಲಿದ್ದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದರು. "ಯೋಸೀನಾ ಹೋದಾಗ ನಾನು ಮೂರು ದಿನ ರೆಪ್ಪೆ ಮುಚ್ಚಿರ್ಲಿಲ್ಲ. ಪಕ್ಕದಲ್ಲೇ ಇದ್ದೆ. ನನ್ನ ಕಡೆ ನೋಡ್ಲೂ ಇಲ್ಲ ಅವಳು."

ಅವರ ಹೆಂಡತಿ ಯೋಸೀನಾ ತೀರಿಹೋಗಿ ಎರಡು ಚಳಿಗಾಲವಾಗಿತ್ತು. ಆ ಮನೆಗೆ ಹೋಗಿ ಆ ಪ್ರಶ್ನೆ ಕೇಳಿದವರು ಯಾರು, ಯಾರಾದರೂ ಕೇಳಿದರೇ ಎಂದು ಅಡ್ರಿಯಾನಾ ಯೋಚಿಸಿಯೇ ಇರಲಿಲ್ಲ. ಈಗ ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಅವರು ಹ್ಯಾಟು ಹಾಕಿಕೊಂಡು ಹೊರಟಾಗಿತ್ತು.

ಅವಳು ಬಾಗಿಲಲ್ಲೇ ನಿಂತು ನೋಡಿದಳು. ದಾರಿ ಕಡಲ ಏರಿಯ ಮೇಲೆ ನೇರವಾಗಿ ಹೋಗುತ್ತಿತ್ತು, ಬೆಳಕು ಇನ್ನೂ ಸಾಕಷ್ಟಿತ್ತು, ಗಾಳಿ ಅವರ ಬೆನ್ನ ಹಿಂದಿನಿಂದಲೇ ಬೀಸುತ್ತಿತ್ತು. ಆದರೂ ವಿಸ್ಸೆ ಸೈಕಲ್ ಹತ್ತಲಿಲ್ಲ. ಅದನ್ನು ಪಕ್ಕದಲ್ಲಿ ತಳ್ಳಿಕೊಂಡು, ಏರಿಯುದ್ದಕ್ಕೂ ನಡೆದೇ ಹೋದರು.