ಗದ್ದುಗೆ ಮನೆಯ ಮಾಡು

ನಮ್ಮ ತೋಟದ ಮೇಲಿನ ತಿರುವಿನಲ್ಲಿ, ಮಲ್ಲಂದೂರಿನ ರಸ್ತೆಗೆ ಮುಖಮಾಡಿ, ಅಜ್ಜಯ್ಯನ ಗದ್ದುಗೆ ಮನೆ ಇದೆ. ಮೂರು ಕಡೆ ಗೋಡೆ, ಎದುರಿಗೆ ಜಗಲಿ, ಮೇಲೆ ಹಂಚಿನ ಮಾಡು. ಅಜ್ಜಯ್ಯ ಯಾವ ಕಾಲದ ಶರಣರೋ ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಗದ್ದುಗೆಯ ಮುಂದಿನ ದೀಪ ಆರಬಾರದು, ಗದ್ದುಗೆ ಒಂದು ಗಳಿಗೆಯೂ ಬಯಲಿಗೆ ಬೀಳಬಾರದು ಎಂಬ ಎರಡು ಮಾತನ್ನು ಹಿರಿಯರು ನಮ್ಮ ಮನೆತನಕ್ಕೆ ಒಪ್ಪಿಸಿ ಹೋಗಿದ್ದಾರೆ. ನಾನು ಸೊಸೆಯಾಗಿ ಬಂದಾಗ ಆ ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ಶಾಂತಕ್ಕ. ಶಾಂತಕುಮಾರಿ ಎಂದು ಪೂರ್ತಿ ಹೆಸರು. ನನ್ನ ಗಂಡನ ಅಣ್ಣನ ಹೆಂಡತಿ. ಓರಗಿತ್ತಿಯ ಜೊತೆ ಹುಷಾರಾಗಿರು ಎಂದು ತವರಿನವರು ನನ್ನನ್ನು ಹೆದರಿಸಿ ಕಳಿಸಿದ್ದರು. ಶಿವನ ದಯೆಯಿಂದ ನನಗೆ ಒಡಹುಟ್ಟಿದ ಅಕ್ಕನೇ ಸಿಕ್ಕಿದಂತಾಯಿತು.

ಶ್ರಾವಣದ ಸೋಮವಾರಗಳಂದು ಸುತ್ತಲಿನ ಹೆಂಗಸರು ಗದ್ದುಗೆ ಮನೆಯಲ್ಲಿ ಸೇರಿ ವಚನ ಹಾಡುವುದು ಅಕ್ಕ ಹಾಕಿಕೊಟ್ಟ ಪದ್ಧತಿ. ನಮ್ಮ ಕಡೆ ಶ್ರಾವಣವೆಂದರೆ ಮಳೆ ಬಿಡುವು ಕೊಡದ ತಿಂಗಳು. ಆದರೆ ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಮೆತ್ತಗಿರುತ್ತದೆ. ಅಕ್ಕನ ದನಿ ಸಣ್ಣದು; ಆದರೂ ಆ ಮಳೆಯ ನಡುವೆ ಮೂಲೆಯಲ್ಲಿ ಕುಳಿತವರಿಗೂ ಕೇಳುತ್ತಿತ್ತು. ಅವಳು ಒಂದು ಸಾಲು ಹೇಳಿದರೆ ನಾವು ಅದನ್ನೇ ತಿರುಗಿ ಹೇಳುವುದು. ಓದು ಬಾರದವರೂ ಹಾಗೆ ಕೇಳಿಕೇಳಿಯೇ ಕಲಿತರು.

ಹೋದ ಮಾರ್ಗಶಿರದಲ್ಲಿ, ಕಾಫಿ ಹಣ್ಣಿನ ಕೊಯ್ಲಿನ ನಡುವೆ, ಅಕ್ಕ ಲಿಂಗೈಕ್ಯಳಾದಳು. ಅದಕ್ಕೆ ಮೊದಲು ನನ್ನ ಕೈ ಹಿಡಿದುಕೊಂಡು, "ಗಿರಿಜಾ, ದೀಪ ನೋಡ್ಕೊ. ಶ್ರಾವಣದಲ್ಲಿ ಹಾಡು ನಿಲ್ಲಿಸ್ಬೇಡ ಕಣೆ" ಎಂದಳು. ಬೇರೇನೂ ಕೇಳಲಿಲ್ಲ. ಮಗನನ್ನು ನೋಡಿಕೋ ಎಂದು ಸಹ ಹೇಳಲಿಲ್ಲ.

ಗದ್ದುಗೆ ಮನೆಯ ಮಾಡು ಆಗಲೇ ಕೆಟ್ಟಿತ್ತು. ಮಳೆಗಾಲದಲ್ಲಿ ತೋಟದ ನೆರಳಿನ ಸಿಲ್ವರ್ ಮರದ ಕೊಂಬೆಯೊಂದು ಮುರಿದು ಬಿದ್ದು ಒಂದು ಮಗ್ಗುಲಿನ ಹಂಚು ಪುಡಿಯಾಗಿತ್ತು; ಹಳೆಯ ಹಂಚು ತಂದು ಮುಚ್ಚಿದ್ದರೂ ಸೋರುತ್ತಿತ್ತು. ಉಳಿದದ್ದಕ್ಕೆ ಮಂಗಗಳು ಇದ್ದವು. ಹಂಚು ಎತ್ತಿ ಅಡಿಯಲ್ಲಿ ಏನಿದೆಯೆಂದು ನೋಡಿ ಕೈಬಿಡುವುದು ಅವಕ್ಕೆ ಆಟ. ಹೊಸ ಹಂಚು ಹಾಕಿದರೂ ಅದೇ ಗತಿ. ನಮ್ಮ ಯಜಮಾನರನ್ನು ಕೇಳಿದರೆ, "ಗದ್ದುಗೆ ವಿಷಯ ನಿಮ್ಮ ಹೆಂಗಸರದ್ದು, ನೀವೇ ತೀರ್ಮಾನ ಮಾಡಿ" ಎಂದರು.

ಅಕ್ಕನ ಮಗ ರುದ್ರೇಶ್ ಚಿಕ್ಕಮಗಳೂರಿನಲ್ಲಿ ಮಾಡಿನ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾನೆ. ಅಮ್ಮನ ನೆನಪಿಗೆ ಈ ಮಾಡನ್ನು ತಾನೇ ಮಾಡಿಸುವುದಾಗಿ ಹೇಳಿ, ಚೈತ್ರದಲ್ಲಿ ಎರಡು ಮಾದರಿ ಜೀಪಿಗೆ ಹಾಕಿಕೊಂಡು ಬಂದ. ಒಂದು ಹಂಚಿನ ಬಣ್ಣ ಬಳಿದ ತಗಡಿನ ಶೀಟು. ಇನ್ನೊಂದು ಹಲಗೆಗೆ ಹೊಡೆದ, ಸಣ್ಣ ಕಲ್ಲುಹರಳು ಅಂಟಿಸಿದ ಕಪ್ಪು ಡಾಂಬರು ಹಾಳೆ.

"ಇದು ಶಿಂಗಲ್ಸ್ ಚಿಕ್ಕಮ್ಮ. ಈಗ ಹೋಂಸ್ಟೇಗಳಿಗೆಲ್ಲ ಇದನ್ನೇ ಹಾಕಿಸ್ತಾರೆ."

ನಮ್ಮ ಹಾಡಿನ ಗುಂಪಿನ ಹಿರಿಯಳು ತಿಮ್ಮಮ್ಮ ಜಗಲಿಯಲ್ಲಿ ಕುಳಿತಿದ್ದವಳು ಅದನ್ನು ಉಗುರಿನಿಂದ ಕೆರೆದು ನೋಡಿದಳು. "ಇದೆಲ್ಲಿಂದ ತಂದ್ಯೋ ಮಾರಾಯ? ನಮ್ಮೂರ ರಸ್ತೆ ಕಿತ್ಕೊಂಡು ಬಂದ್ಯಾ?"

"ನಿಮ್ಮೂರ ರಸ್ತೇಲಿ ಕಿತ್ಕೊಳ್ಳೋಕೆ ಡಾಂಬರು ಎಲ್ಲಿದೆ ತಿಮ್ಮಮ್ಮ?"

ತಿಮ್ಮಮ್ಮನಿಗೆ ಕಿವಿ ಸ್ವಲ್ಪ ಮಂದ. ಸುತ್ತ ಕುಳಿತ ಹೆಂಗಸರು ನಕ್ಕದ್ದು ನೋಡಿ ಅವಳೂ ನಕ್ಕಳು.

ನನಗೆ ಬೇಕಾಗಿದ್ದದ್ದು ಒಂದೇ: ಜೋರು ಮಳೆಯಲ್ಲೂ ಒಬ್ಬಳ ಹಾಡು ಇನ್ನೊಬ್ಬಳಿಗೆ ಕೇಳಬೇಕು. ಅದರ ಹಿಂದಿನ ಶ್ರಾವಣದಲ್ಲೇ ಶೀಟಿನ ಮಾಡಿನ ಕೆಳಗೆ ಒಂದು ನಾಮಕರಣಕ್ಕೆ ಹೋಗಿದ್ದೆ. ಮಗುವಿನ ಹೆಸರೇನೆಂದು ಮನೆಗೆ ಬಂದಮೇಲೆ ಫೋನು ಮಾಡಿ ಕೇಳಬೇಕಾಯಿತು.

ಮಳೆಯಿಲ್ಲದ ಚೈತ್ರದಲ್ಲಿ ಮಳೆಯ ಸದ್ದು ನೋಡುವುದು ಹೇಗೆ? ನಾನು ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಒಂದು ಮೊರದಲ್ಲಿ ತರಿಸಿದೆ. ರುದ್ರೇಶ್ ಮತ್ತು ಡ್ರೈವರು ಶೀಟನ್ನು ನಮ್ಮ ಜೊತೆ ಹಾಡುವ ಪಾಪಮ್ಮನ ತಲೆಯ ಮೇಲೆ ಎತ್ತಿ ಹಿಡಿದರು. "ನೀನು ಹಾಡ್ತಾ ಇರು" ಎಂದು ಅವಳಿಗೆ ಹೇಳಿ ಬೀಜ ಸುರಿದೆ. ಸಾವಿರ ಕೋಲು ಒಟ್ಟಿಗೆ ಬಡಿದಂತಾಯಿತು.

"ಹಾಡಿದ್ಯೇನೆ?" ಎಂದು ಕೂಗಿದೆ.

"ಏನು?"

"ಹಾಡಿದ್ಯಾ ಅಂದೆ!"

"ಮುಗಿದೇ ಹೋಯ್ತಲ್ಲೇ ಮಾರಾಯ್ತಿ!"

ಆಮೇಲೆ ಡಾಂಬರು ಹಾಳೆಯ ಹಲಗೆ ಹಿಡಿದು ಸುರಿದೆವು. ಗೋಣಿಯ ಮೇಲೆ ಸುರಿದಷ್ಟೇ ಸದ್ದು. ಪಾಪಮ್ಮನ ಹಾಡು ಪೂರ್ತಿ ಕೇಳಿತು; ಅವಳು ಎಲ್ಲಿ ರಾಗ ತಪ್ಪಿದಳು ಎಂಬುದೂ ಕೇಳಿತು. ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದೆ.

ರುದ್ರೇಶ್ ಮಾತ್ರ ತಲೆ ಕೆರೆದುಕೊಂಡ. "ಸದ್ದಿಲ್ಲ, ಅದು ನಿಜ ಚಿಕ್ಕಮ್ಮ. ಆದ್ರೆ ನಮ್ಮ ಥಂಡಿಗೆ ಇದು ಹೇಗೆ ಬಾಳುತ್ತೆ ಅಂತ ಕಣ್ಣಾರೆ ನೋಡಿ. ಆಮೇಲೆ ನನ್ನ ಬೈಬೇಡಿ."

ಒಂದು ದಿನ ಅವನ ಜೀಪಿನಲ್ಲೇ ಕೊಟ್ಟಿಗೆಹಾರಕ್ಕೆ ಹೋದೆವು. ಅಲ್ಲಿ ಅವನ ಪರಿಚಯದವರ ಮನೆಗೆ ಅದೇ ಮಾಡು. ನೋಡಲು ಚೆಂದವಿತ್ತು, ಆದರೆ ಬಡಗು ದಿಕ್ಕಿನ ಇಳಿಜಾರಿನಲ್ಲಿ ಪಾಚಿ ಹಸಿರಾಗಿ ಹಬ್ಬಿತ್ತು. ವರ್ಷವೂ ತೊಳೆಸಬೇಕು ಎಂದರು ಆ ಮನೆಯವರು. ಒಂದು ಕೋಣೆಯಲ್ಲಿ ಗಾಳಿಯಾಡದೆ ಒಳಗಿನ ಹಲಗೆ ಉಬ್ಬಿ ಮುಗ್ಗಲು ವಾಸನೆ ಬರುತ್ತಿತ್ತು.

"ಮಳೆಗಾಲದಲ್ಲಿ ಸದ್ದು?" ಎಂದು ಕೇಳಿದೆ.

"ಸದ್ದೇ ಇಲ್ಲಮ್ಮ. ಹೊರಗೆ ಹೋಗಿ ನೋಡ್ಬೇಕು, ಮಳೆ ಇದ್ಯೋ ಇಲ್ವೋ ಅಂತ."

ವಾಪಸು ಬರುವಾಗ ರುದ್ರೇಶ್ ಮತ್ತೆ ಹೇಳಿದ. "ಶೀಟಾದ್ರೆ ನಾನೂ ನೀವೂ ಹೋದ್ಮೇಲೂ ಇರುತ್ತೆ. ಬಣ್ಣ ಚೆನ್ನಾಗಿರೋದು ಹಾಕಿದ್ರೆ ತುಕ್ಕೂ ಇಲ್ಲ. ಮಂಗ ಕುಣಿದ್ರೂ ಏನೂ ಆಗಲ್ಲ."

"ನಿಮ್ಮಮ್ಮ ಹೇಳಿದ್ದು ಹಾಡಿನ ವಿಷಯ ಕಣಪ್ಪ, ಮಾಡಿನ ವಿಷಯ ಅಲ್ಲ. ಪಾಚಿ ನಾನು ತೊಳೆಸ್ತೀನಿ."

"ಹಾಗಾದ್ರೆ ವೈಶಾಖದೊಳಗೆ ಮುಗಿಸ್ಬೇಕು. ಬಿಸಿಲಿಗೆ ಕಾದ್ರೇನೆ ಒಂದು ಹಾಳೆ ಇನ್ನೊಂದಕ್ಕೆ ಅಂಟಿ ಕೂರೋದು" ಎಂದ.

ಡಾಂಬರು ಹಾಳೆಗೆ ಅಡಿಯಲ್ಲಿ ಹಲಗೆ ಹಾಸಬೇಕು. ಹಲಗೆ ಕೂರಬೇಕಾದರೆ ಹಂಚು ಇಳಿಸಬೇಕು. ಗದ್ದುಗೆ ಬಯಲಿಗೆ ಬೀಳಬಾರದಲ್ಲ ಎಂದು ಗದ್ದುಗೆಯ ಮೇಲೆ ಒಳಗಡೆ ದಪ್ಪ ಟಾರ್ಪಾಲು ಕಟ್ಟಿಸಿದೆವು. ಟಾರ್ಪಾಲೂ ಒಂದು ಮಾಡೇ ಎಂದು ನಾವೇ ನಮಗೆ ಸಮಾಧಾನ ಹೇಳಿಕೊಂಡೆವು. ಕೆಲಸದವರು ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಕೈಮುಗಿದು, ಹಿಂದಿನ ಸಾಲಿನ ಹಂಚು ಇಳಿಸಿದರು.

ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಆಚೆ ಗುಡುಗಿತು. ಭರಣಿ ಮಳೆ ಹೇಳಿ ಬರುವುದಿಲ್ಲ. ಗಾಳಿ ತೆರೆದ ಸಾಲಿನಿಂದ ಒಳಗೆ ನುಗ್ಗಿ ಟಾರ್ಪಾಲಿನ ಹೊಟ್ಟೆ ಉಬ್ಬಿಸಿತು. ಎರಡು ಹಗ್ಗ ಕಿತ್ತು ಬಂದು, ಟಾರ್ಪಾಲು ಗೋಡೆಗೆ ಬಡಿದುಕೊಂಡು ಹೋಯಿತು. ನಾನು ದೀಪದ ಬಳಿಯೇ ಇದ್ದೆ. ಮಂಡಿಯೂರಿ, ಎರಡೂ ಅಂಗೈಯಿಂದ ಅದನ್ನು ಬಳಸಿ, ಬೆನ್ನನ್ನು ಗಾಳಿಗೆ ಕೊಟ್ಟೆ. ಬೆನ್ನ ಮೇಲೆ ಆಲಿಕಲ್ಲು ಬಿದ್ದವು. ತಲೆಯೆತ್ತಿದಾಗ ಗದ್ದುಗೆಯ ಮೇಲೆ ಆಕಾಶ ಕಾಣುತ್ತಿತ್ತು. ಬತ್ತಿಯ ತುದಿಯಲ್ಲಿ ಒಂದು ಕೆಂಪು ಕಿಡಿ ಮಾತ್ರ ಉಳಿದಿತ್ತು. "ಶಿವನೇ, ಅಕ್ಕಾ" ಎಂದೆನೋ ಏನೋ, ನೆನಪಿಲ್ಲ. ಕಿಡಿ ನಿಂತಿತು. ಮೆಲ್ಲಗೆ ನಾಲಿಗೆ ಚಾಚಿ ಮತ್ತೆ ಹತ್ತಿಕೊಂಡಿತು.

ಕೆಲಸದ ಹುಡುಗರು ಮಳೆಯಲ್ಲೇ ಮೇಲೆ ಹತ್ತಿ ಇಳಿಸಿದ್ದ ಹಂಚನ್ನು ಮತ್ತೆ ಜೋಡಿಸಿದರು. ರುದ್ರೇಶ್ ಕಿತ್ತುಬಂದ ಹಗ್ಗ ಸುತ್ತಿಕೊಂಡು ನನ್ನ ಬಳಿ ಬಂದ.

"ನಾಳೆ ಕಬ್ಬಿಣದ ಕಂಬ ನಿಲ್ಲಿಸಿ ಗಟ್ಟಿಯಾಗಿ ಕಟ್ತೀನಿ ಚಿಕ್ಕಮ್ಮ."

"ಬೇಡಪ್ಪ. ಮೇಲೆ ಇನ್ನೊಂದು ಮಾಡು ಬರೋವರೆಗೆ ಒಂದು ಹಂಚನ್ನೂ ಮುಟ್ಟಬೇಡ."

"ಹಂಚು ತೆಗೀದೆ ಶಿಂಗಲ್ಸ್ ಆಗಲ್ಲ."

"ಶೀಟು?"

ಅವನು ಯೋಚಿಸಿ ಹೇಳಿದ. "ಶೀಟಾದ್ರೆ ಆಗುತ್ತೆ. ಗೋಡೆಯ ಹೊರಗೆ ಕಂಬ ನಿಲ್ಲಿಸಿ ಹಂಚಿನ ಮೇಲೆ ಒಂದು ಮೊಳ ಬಿಟ್ಟು ಹಾಕ್ಬಹುದು. ಹಂಚು ಆಮೇಲೆ ಒಳಗಿಂದ ಇಳಿಸಿದ್ರಾಯ್ತು. ಆದ್ರೆ ಚಿಕ್ಕಮ್ಮ, ಹಾಡು?"

ನಾನು ದೀಪದ ಕಡೆ ನೋಡಿದೆ. ಅಕ್ಕ ಎರಡು ಕೇಳಿದ್ದಳು. ಎರಡರಲ್ಲಿ ಒಂದನ್ನು ನಾನು ಬಿಡಬೇಕಾಗಿತ್ತು.

"ಶೀಟೇ ಹಾಕು" ಎಂದೆ. ಮನೆಗೆ ಬಂದು ದೇವರ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಅಕ್ಕ ಹೋದ ದಿನ ಬಾರದ ಅಳು ಅಂದು ಬಂತು.

ಶೀಟು ಏರಿತು. ಒಳಗಿನ ಹಂಚು ಇಳಿಸುವ ಮೊದಲೇ ಕೆಲಸದವರು ಮೂಡಿಗೆರೆಯ ಕಡೆ ಬೇರೆ ಕೆಲಸಕ್ಕೆ ಹೋದರು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಮಳೆ ಬಿಟ್ಟಮೇಲೆ ನೋಡೋಣ ಎಂದ ರುದ್ರೇಶ್. ಜ್ಯೇಷ್ಠ, ಆಷಾಢಗಳಲ್ಲಿ ನಾನು ದೀಪಕ್ಕೆ ಎಣ್ಣೆ ಹಾಕಲು ಹೋಗಿಬರುತ್ತಿದ್ದೆ. ಸೋರಿಕೆ ಪೂರ್ತಿ ನಿಂತಿತ್ತು. ಶೀಟಿನ ಅಡಿಯಲ್ಲಿ ಗಾಳಿಯಾಡುತ್ತಿದ್ದುದರಿಂದ ಆವಿಯ ಹನಿಯೂ ಕಟ್ಟುತ್ತಿರಲಿಲ್ಲ. ಸದ್ದು ಹೆಚ್ಚೇನೂ ಅನ್ನಿಸಲಿಲ್ಲ. ಈ ವರ್ಷ ಮುಂಗಾರು ಹಗುರ, ಅದಕ್ಕೇ ಹೀಗೆ, ಶ್ರಾವಣದಲ್ಲಿ ತಿಳಿಯುತ್ತದೆ ಎಂದುಕೊಂಡೆ.

ಶ್ರಾವಣದ ಮೊದಲ ಸೋಮವಾರ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ರಸ್ತೆಯ ಆಚೆಯ ತೋಟ ಕಾಣುತ್ತಿರಲಿಲ್ಲ. ಜಗಲಿಗೆ ಹೊಸದಾಗಿ ಇಳಿಬಿಟ್ಟ ಶೀಟಿನ ಅಂಚಿನಡಿ ಕೊಡೆ ಮಡಚಿಕೊಳ್ಳುವಾಗ ಪಾಪಮ್ಮ ನನ್ನ ಕಿವಿಗೆ ಬಾಯಿಟ್ಟು ಏನೋ ಕೂಗಿದಳು, ಒಂದಕ್ಷರವೂ ಕೇಳಲಿಲ್ಲ. ಇನ್ನು ಒಳಗೂ ಹೀಗೇ ಎಂದುಕೊಂಡೆ. ರುದ್ರೇಶನೂ ಬಂದಿದ್ದ. ಹುಡುಗನಾಗಿದ್ದಾಗ ಬಿಟ್ಟರೆ ಅವನು ಈ ಹಾಡಿಗೆ ಬಂದವನಲ್ಲ. ನನ್ನ ಮುಖ ನೋಡಲಾರದೆ ಹೊರಗೇ ನಿಂತ.

ಒಳಗೆ ಚಾಪೆ ಹಾಸಿತ್ತು. ಅಕ್ಕ ಕೂರುತ್ತಿದ್ದ ಕಡೆ ಯಾರೂ ಕೂತಿರಲಿಲ್ಲ. ಮೊದಲ ಸಾಲು ಎತ್ತಬೇಕಾದವಳು ನಾನು. ಕೇಳಲಿ ಬಿಡಲಿ, ಹಾಡು ನಿಲ್ಲಿಸಬೇಡ ಎಂದಿದ್ದಾಳೆ, ಹಾಡುತ್ತೇನೆ ಎಂದು ಕಣ್ಣು ಮುಚ್ಚಿ ಶುರು ಮಾಡಿದೆ. ಹೊರಟ ದನಿ ನನಗೇ ನಾಚಿಕೆಯಾಗುವಷ್ಟು ಸಣ್ಣದು.

ಸಾಲು ಮುಗಿಯಿತು. ಬಾಗಿಲ ಮೂಲೆಯಿಂದ, ಎಲ್ಲರಿಗಿಂತ ಮೊದಲು, ಸರಿಯಾಗಿ ಅದೇ ಸಾಲು ತಿರುಗಿ ಬಂತು. ತಿಮ್ಮಮ್ಮ! ಕಿವಿ ಮಂದದ ತಿಮ್ಮಮ್ಮ!

ನಾನು ಕಣ್ಣು ಬಿಟ್ಟು ಮೇಲೆ ನೋಡಿದೆ. ಇಳಿಸದೆ ಉಳಿದ ಹಂಚು ಹಾಗೆಯೇ ಇತ್ತು. ಮಳೆ ಶೀಟನ್ನು ಬಡಿಯುತ್ತಿತ್ತು. ಆ ಬಡಿತ ನಡುವಿನ ಬಯಲನ್ನೂ ಹಂಚನ್ನೂ ದಾಟಿ ಕೆಳಗೆ ಇಳಿಯುವಾಗ ಮೆತ್ತಗಾಗಿ, ಹಳೆಯ ಕಾಲದ ಮಳೆಯಂತೆ ಕೇಳುತ್ತಿತ್ತು. ಹಂಚಿಲ್ಲದ ಅಂಚಿನಡಿ ಮಾತ್ರ ಆ ಅಬ್ಬರ. ಎರಡನೆಯ ಸಾಲು ಹೇಳಿದೆ. ಎಲ್ಲರೂ ಹೇಳಿದರು. ಆಮೇಲೆ ನನ್ನ ದನಿ ತಾನಾಗಿ ಏರಿತು.

ಹೊರಗೆ ನಿಂತಿದ್ದ ರುದ್ರೇಶನಿಗೆ ಒಳಗಿನದು ಕೇಳುವಂತಿರಲಿಲ್ಲ. ತುಟಿಗಳು ಒಟ್ಟಿಗೆ ಆಡುವುದನ್ನು ಕಂಡು ಬಗ್ಗಿ ಒಳಗೆ ಬಂದ. ಬಂದವನು ಅಲ್ಲೇ ನಿಂತು ಮಾಡಿನತ್ತ ಮುಖವೆತ್ತಿದ. ಅವನ ಗಲ್ಲ ಒದ್ದೆಯಾಗಿತ್ತು. ಮಳೆಯದೋ ಕಣ್ಣೀರೋ ಎಂದು ಯಾರೂ ಕೇಳಲಿಲ್ಲ. ನಾನು ಅಕ್ಕನ ಜಾಗದ ಕಡೆ ಕೈತೋರಿಸಿದೆ. ತಾಯಿ ಕೂರುತ್ತಿದ್ದ ಕಡೆ ಮಗ ಹೋಗಿ ಕುಳಿತ.

ಮಂಗಳಾರತಿಯಾಗಿ ಪ್ರಸಾದ ಹಂಚುವಾಗ ಅವನು ಮೆಲ್ಲಗೆ ಕೇಳಿದ. "ಮಳೆ ಬಿಟ್ಮೇಲೆ ಹುಡುಗ್ರನ್ನ ಕಳಿಸ್ಲಾ ಚಿಕ್ಕಮ್ಮ? ಹಂಚು ಇಳಿಸೋಕೆ?"

ನಾನು ಬಾಯಿ ತೆರೆಯುವ ಮೊದಲೇ ತಿಮ್ಮಮ್ಮ ದೂರದಿಂದ ಹೇಳಿದಳು. "ಹಂಚು ಮುಟ್ಟಿದ್ರೆ ನಿನ್ನ ಕೈ ಮುರೀತೀನಿ ನೋಡು."

"ಇವತ್ತು ಇವರಿಗೆ ಎಲ್ಲಾ ಕೇಳುತ್ತಲ್ಲ!" ಎಂದ ರುದ್ರೇಶ್. ಅಕ್ಕ ಹೋದಮೇಲೆ ಅವನು ನಕ್ಕದ್ದನ್ನು ಆ ಮನೆಯಲ್ಲಿ ಅದೇ ಮೊದಲು ಕಂಡೆ.

ಎಲ್ಲರೂ ಕೊಡೆ ಬಿಡಿಸಿ ಹೊರಟಮೇಲೆ ನಾನು ದೀಪಕ್ಕೆ ಎಣ್ಣೆ ತುಂಬಿಸಿದೆ. ಒಂದನ್ನು ಬಿಟ್ಟೆನೆಂದು ಅಂದು ಅಷ್ಟು ಅತ್ತಿದ್ದೆ. ಅಜ್ಜಯ್ಯ ಎರಡನ್ನೂ ಉಳಿಸಿಕೊಟ್ಟಿದ್ದರು. ಹಣೆಯನ್ನು ಗದ್ದುಗೆಯ ಅಂಚಿಗೆ ಮುಟ್ಟಿಸಿದೆ. ಕೇಳಿಕೊಳ್ಳಲು ಏನೂ ಇರಲಿಲ್ಲ. "ಮುಂದಿನ ಸೋಮವಾರ ಬರ್ತೀವಿ" ಎಂದಷ್ಟೇ ಹೇಳಿ ಎದ್ದೆ.