ಎಡಚನ ಗಂಟು

"ಇನ್ನೂ ಸಾಯ್ಲಿಲ್ವಾ ಈ ಬೋಳಿಮಗ?"

ಇಪ್ಪತ್ತಮೂರು ದಿನ ಕೊರಡಿನಂತೆ ಬಿದ್ದಿದ್ದ ನನ್ನ ಕಿವಿಗೆ ಮೊದಲು ಬಿದ್ದ ಮಾತು ಇದು. ದನಿಯ ಗುರುತು ಸಿಕ್ಕಿತು. ನಮ್ಮ ಮೇಸ್ತ್ರಿ. ಕಣ್ಣು ಬಿಡೋಣವೆಂದರೆ ರೆಪ್ಪೆ ಏಳಲಿಲ್ಲ, ಬೈಯೋಣವೆಂದರೆ ಗಂಟಲಲ್ಲಿ ನಳಿಗೆ. ಅವನು ನನ್ನ ಹೆಬ್ಬೆರಳು ಹಿಡಿದು ತಣ್ಣಗಿನದೇನಕ್ಕೋ ಒತ್ತುತ್ತಿದ್ದ.

"ಏನ್ ಮಾಡ್ತಿದೀರಾ?" ಹೆಂಡತಿಯ ದನಿ. ನೀರು ತರಲು ಹೋಗಿದ್ದಳಂತೆ.

"ಏನಿಲ್ಲ ತಾಯಿ, ಕಂಪನಿ ಕಾಗದ. ಒಂದು ಹೆಬ್ಬೆಟ್ಟು ಬೇಕು."

"ಅವರು ಎದ್ಮೇಲೆ ಅವರನ್ನೇ ಕೇಳಿ."

"ಇವನು ಎದ್ದಂಗೇ ಇದೆ. ನೀನು ಸುಮ್ನಿರು."

ನಾನು ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿಕೊಂಡೆ. ನನಗೆ ಪ್ರಜ್ಞೆ ಬಂದದ್ದು ಮಾರನೆಯ ದಿನ ಎಂದು ಡಾಕ್ಟರು ಬರೆದಿದ್ದಾರೆ. ಹೆಂಡತಿಗೆ ಮಾತ್ರ ಗೊತ್ತು, ಅದು ಬಂದದ್ದು ಮೇಸ್ತ್ರಿಯ ಶಾಯಿ ತಗುಲಿದಾಗ. ಅವಳು ನನ್ನ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನರ್ಸನ್ನು ಕೂಗಿದಳು. ಮೇಸ್ತ್ರಿ ಕಾಗದ ಮಡಚಿಕೊಂಡು ಹೋದ.

ನಾವು ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವವರು. ಎರಡು ಹಗ್ಗಕ್ಕೆ ಹಲಗೆ ಕಟ್ಟಿ ತಾರಸಿಯಿಂದ ಇಳಿಬಿಡುತ್ತೇವೆ. ಅದಕ್ಕೆ ತೊಟ್ಟಿಲು ಅನ್ನುತ್ತೇವೆ, ತಮಾಷೆಗೆ. ಹಗ್ಗದ ತುದಿಯನ್ನು ತಾರಸಿಯ ಕಬ್ಬಿಣದ ಕಂಬಕ್ಕೆ ಬಿಗಿಯುವುದು ತೊಟ್ಟಿಲಿಗೆ ಇಳಿಯುವವನ ಕೆಲಸ. ಒಬ್ಬ ಕಟ್ಟಿದ ಗಂಟನ್ನು ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಕಟ್ಟಿದವನೇ ಬಿಚ್ಚಬೇಕು. ಬೆಲ್ಟು, ಗಿಲ್ಟು ಎಲ್ಲ ಎರಡು ವರ್ಷದಿಂದ ನಾಳೆ ಬರುತ್ತಿದ್ದವು. ನಮ್ಮನ್ನು ಕಾಯುತ್ತಿದ್ದದ್ದು ಈ ಕಟ್ಟಳೆ ಒಂದೇ.

ನನ್ನ ತೊಟ್ಟಿಲಿನ ಜೊತೆಗಾರ ನನ್ನ ಭಾವ, ಅಕ್ಕನ ಗಂಡ. ಕೆಲಸ ಕಲಿಸಿದವನೂ ಅವನೇ. ಆದರೂ ಎರಡೂ ಗಂಟು ನನ್ನಿಂದಲೇ ಕಟ್ಟಿಸುತ್ತಿದ್ದ. ನಾನು ಎಡಗೈಯವನು. ಎಲ್ಲರ ಸುತ್ತು ಬಲಕ್ಕೆ ಹೋದರೆ ನನ್ನದು ಎಡಕ್ಕೆ. "ಎಡಚನ ಗಂಟು ಬಿಚ್ಚೋಕೆ ಎಡಚನೇ ಹುಟ್ಟಿ ಬರಬೇಕು" ಅಂತ ನಗುತ್ತಿದ್ದ ಮಹರಾಯ.

ನಳಿಗೆ ತೆಗೆದ ದಿನ ನಾನು ಕೇಳಿದ್ದು ಅವನನ್ನೇ. ನಾಲಿಗೆ ತಿರುಗಲಿಲ್ಲ. "ಭಾ... ಭಾ..." ಅಂದೆ. ಹೆಂಡತಿ ಕಿಟಕಿಯ ಕಡೆ ನೋಡಿದಳು. ನನಗೆ ಅರ್ಥವಾಯಿತು.

ಆ ದಿನದ್ದು ನನಗೆ ಏನೊಂದೂ ನೆನಪಿಲ್ಲ. ಹಳೇ ಗೋಡೆಯ ಬರಹದ ಮೇಲೆ ಸುಣ್ಣ ಹೊಡೆದ ಹಾಗೆ ಆಗಿದೆ ತಲೆ. ಅವಳು ಹೇಳಿದ್ದಿಷ್ಟು: ಊಟ ಮುಗಿಸಿ ಒಂಬತ್ತನೇ ಮಹಡಿಯ ಕಿಟಕಿಯಿಂದ ನಾವಿಬ್ಬರೂ, ಅಲ್ಲೇ ಕೊಕ್ಕೆ ಹಾಕಿ ನಿಲ್ಲಿಸಿದ್ದ ತೊಟ್ಟಿಲಿಗೆ ದಾಟಿ ಕೊಕ್ಕೆ ಬಿಡಿಸಿದೆವು. ಒಂದು ಕಡೆಯ ಹಗ್ಗ ಜಾರಿತು. ಜಾರಿ ಜಾರಿ ನಡುವೆ ಸಿಕ್ಕಿಕೊಂಡಿತು, ಅಷ್ಟರಲ್ಲಿ ತೊಟ್ಟಿಲು ಓರೆಯಾಗಿತ್ತು. ನಾನು ಮರಳಿನ ರಾಶಿಯ ಮೇಲೆ ಬಿದ್ದೆ. ಭಾವ ನೆಲದ ಮೇಲೆ.

"ಅಕ್ಕ?" ಅಂದೆ.

"ಬರಲ್ಲ ಅವರು. ಒಂದ್ಸಲ ಬಾಗಿಲ ತನಕ ಬಂದು ನಿಮ್ಮನ್ನ ನೋಡಿ ಹಾಗೇ ಹೋದ್ರು. ನೀವು ಗಂಟು ಸರಿಯಾಗಿ ಬಿಗಿದಿರಲಿಲ್ಲ ಅಂತ ಮೇಸ್ತ್ರಿ ಎಲ್ರ ಹತ್ರ ಹೇಳ್ಕೊಂಡು ಬಂದಿದಾನೆ."

ಸೊಂಟಕ್ಕೆ ಪ್ಲೇಟು ಹಾಕಿದ್ದರು, ಬಲಗಾಲಿಗೆ ಸರಳು. ಆ ನೋವನ್ನೆಲ್ಲ ಹಲ್ಲು ಕಚ್ಚಿ ತಡೆದಿದ್ದೆ. ಇದನ್ನು ತಡೆಯಲಾಗಲಿಲ್ಲ. ಗಂಟು ಕಟ್ಟಿದ್ದು ನೆನಪಿದ್ದರೆ ತಾನೇ ಇಲ್ಲ ಅನ್ನುವುದು? ಒಂದು ವೇಳೆ ನಿಜವೇ ಆಗಿದ್ದರೆ? ಭಾವನನ್ನು ನಾನೇ ಕೊಂದಿದ್ದರೆ?

ಎಡಗೈ ಬೆರಳುಗಳು ಕೋಳಿ ಕಾಲಿನ ಹಾಗೆ ಮುದುಡಿದ್ದವು. ವ್ಯಾಯಾಮ ಮಾಡಿಸುವಾಕೆ ಹಿಸುಕಲು ರಬ್ಬರ್ ಚೆಂಡು ಕೊಟ್ಟಳು. ನಾನು ಒಲ್ಲೆನೆಂದು ತಲೆಯಾಡಿಸಿ, ಹೆಂಡತಿಯಿಂದ ಬಟ್ಟೆ ಒಣಹಾಕುವ ಹಗ್ಗದ ತುಂಡು ತರಿಸಿಕೊಂಡೆ. ದಿನವಿಡೀ ಅದನ್ನು ಮಂಚದ ಸರಳಿಗೆ ಸುತ್ತುವುದು, ಕೈ ಸೋತು ಬಿಡುವುದು. ಮೊದಲ ವಾರ ಒಂದು ಸುತ್ತೂ ಬರಲಿಲ್ಲ. ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ, ನಾನು ಬೇರೇನೋ ಯೋಚಿಸುತ್ತಿದ್ದಾಗ, ಕೈ ತನ್ನಷ್ಟಕ್ಕೆ ತಾನೇ ಪೂರಾ ಗಂಟು ಹಾಕಿತ್ತು. ಎಳೆದೆ. ಮಂಚ ಅಲುಗಿತು, ಗಂಟು ಅಲುಗಲಿಲ್ಲ. ನಾನು ಮಗುವಿನ ಹಾಗೆ ಅತ್ತುಬಿಟ್ಟೆ. ತಲೆ ಮರೆತರೂ ಕೈ ಮರೆತಿರಲಿಲ್ಲ.

ಅವತ್ತೇ ಮೇಸ್ತ್ರಿ ಮತ್ತೆ ಬಂದ.

"ನೋಡೋ ಎಡಚ, ನಾಳಿದ್ದು ವಿಚಾರಣೆ. ತಪ್ಪು ನಂದೇ ಅಂತ ಒಂದು ಗುರುತು ಹಾಕು. ನೀನು ನಡೆಯೋ ತನಕ ಈ ಮಂಚ ನಿಂದೇ, ಖರ್ಚೆಲ್ಲ ಕಂಪನೀದು. ಇಲ್ಲಾಂದ್ರೆ ನಾಳಿದ್ದೇ ಹೊರಗೆ ಎತ್ತಿ ಹಾಕಿಸ್ತಾರೆ. ತೆವಳ್ಕೊಂಡು ಹೋಗು."

ಹೆಂಡತಿ ನನ್ನ ಮುಖ ನೋಡಿದಳು. ಇನ್ನೂ ಎರಡು ಆಪರೇಷನ್ ಬಾಕಿಯಿತ್ತು. ಅವಳು ಹಾಕು ಅಂದಿದ್ದರೆ ನಾನು ಹಾಕುತ್ತಿದ್ದೆನೋ ಏನೋ. ಅವಳು ನೆಲದ ಮೇಲಿದ್ದ ನಮ್ಮ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ತುಂಬತೊಡಗಿದಳು.

ವಿಚಾರಣೆ ನಡೆಸುವ ಕಾರ್ಮಿಕ ಇಲಾಖೆಯ ಕಚೇರಿಗೆ ಇದ್ದದ್ದು ಒಂದೇ ಬಾಗಿಲು, ಎಳೆದು ಮುಚ್ಚುವ ಕಬ್ಬಿಣದ ಸರಳಿನದು. ಹೆಂಡತಿ ನನ್ನ ಗಾಲಿಕುರ್ಚಿಯನ್ನು ಮೂರು ಮೆಟ್ಟಿಲು ಹತ್ತಿಸಿ ಏದುಸಿರು ಬಿಡುತ್ತಿದ್ದಳು.

"ಒಳಗೆ ತರ್ಬೇಡ," ಅಂದ ಸಾಹೇಬ, ಫೈಲಿನಿಂದ ತಲೆಯೆತ್ತದೆ. "ಚಕ್ರದಲ್ಲಿ ಮಣ್ಣಿದೆ. ಅಲ್ಲೇ ಬಾಗಿಲಲ್ಲಿ ಇರ್ಲಿ. ಇವನಿಗೆ ತಲೆ ಸರಿ ಇದೆಯಾ? ಹೇಳಿದ್ದು ತಿಳಿಯುತ್ತಾ?"

"ತಿಳಿಯುತ್ತೆ ಸಾರ್. ಮಾತು ನಿಧಾನ, ಅಷ್ಟೇ."

"ಮಾತೇ ಬರದಿದ್ರೆ ಹೇಳಿಕೆ ಹೆಂಗೆ ತಗೊಳ್ಲಿ? ದೇವರ ತಲೆ."

ಒಳಗೆ ಮೇಸ್ತ್ರಿ ಕುರ್ಚಿಯಲ್ಲಿ ಕೂತಿದ್ದ. ಗೋಡೆಯ ಪಕ್ಕ ಅಕ್ಕ ನಿಂತಿದ್ದಳು. ಅವಳೂ ಅದೇ ಕೆಲಸದಲ್ಲಿ ಬಣ್ಣ ಕಲೆಸುವವಳು. ಕೈಯ ಮೇಲೆ ಇನ್ನೂ ಬಿಳಿ ಕಲೆ. ನನ್ನ ಕಡೆ ನೋಡಲಿಲ್ಲ.

ಮೇಸ್ತ್ರಿ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟ. "ಬಿದ್ದ ಕೂಡ್ಲೇ ತಾರಸಿ ಮೇಲೆ ತೆಗೆಸಿದ್ದು ಸಾರ್. ಇವನು ಕಟ್ಟಿದ ಗಂಟು. ನೋಡಿ, ಹೆಂಗೆ ಸಡಿಲ ಬಿಟ್ಟಿದಾನೆ ಬೇವರ್ಸಿ."

ಅಕ್ಕ ಸರಕ್ಕನೆ ಬಂದು ಆ ಫೋಟೋ ಎತ್ತಿಕೊಂಡಳು. ನನ್ನ ತೊಡೆಯ ಮೇಲೆ ಎಸೆದಳು.

"ನೋಡೋ. ನಿನ್ನ ಕೈಕೆಲಸ ನೋಡು. ನಿನ್ನ ನಂಬಿ ಇಳಿದಿದ್ದಕ್ಕೆ ಅವರಿಗೆ ಇದೇ ಏನೋ?"

ನೋಡಿದೆ. ಕಂಬ, ಹಗ್ಗ, ಮೂರು ಸುತ್ತು. ಮೂರೂ ಬಲಕ್ಕೆ.

ಹೇಳಬೇಕಾದ ಮಾತೆಲ್ಲ ನಾಲಿಗೆಯ ಬುಡದಲ್ಲೇ ಸಿಕ್ಕಿಕೊಂಡಿತು. "ಅ... ಅಲ್ಲ" ಅಷ್ಟೇ ಬಂದದ್ದು. ಮೇಸ್ತ್ರಿ ನಕ್ಕ. ನಾನು ಮಡಿಲಲ್ಲಿದ್ದ ಹಗ್ಗದ ತುಂಡು ತೆಗೆದೆ. ಗಾಲಿಕುರ್ಚಿಯ ಹಿಡಿಯ ಸುತ್ತ ಒಮ್ಮೆ ಹಾಯಿಸಿ, ಬಾಗಿಲ ಸರಳಿಗೆ ಸುತ್ತತೊಡಗಿದೆ. ಹಗ್ಗ ಕೈತಪ್ಪಿ ಬಿತ್ತು. ಹೆಂಡತಿ ಎತ್ತಿಕೊಡಲು ಬಗ್ಗಿದಳು, ಬೇಡ ಅಂದೆ. ನಾನೇ ಎತ್ತಿಕೊಂಡೆ. ಒಂದು ಸುತ್ತು. ಎರಡು. ಮೂರು. ತುದಿಯನ್ನು ಒಳಗೆ ತೂರಿಸಿ ಹಲ್ಲಿನಲ್ಲಿ ಕಚ್ಚಿ ಎಳೆದೆ.

"ಏನಿದು ನಾಟಕ?" ಅಂದ ಸಾಹೇಬ.

ಅಕ್ಕ ಗಂಟನ್ನು ನೋಡಿದಳು. ಫೋಟೋ ನೋಡಿದಳು. ಮತ್ತೆ ಗಂಟನ್ನು ನೋಡಿದಳು. ಅವಳ ಬೆರಳು ಫೋಟೋದ ಮೇಲೆ ಬಲಕ್ಕೆ ಹರಿಯಿತು, ಹಗ್ಗದ ಮೇಲೆ ಎಡಕ್ಕೆ. ಹದಿನಾರು ವರ್ಷ ನಮ್ಮ ಗಂಟುಗಳ ಕೆಳಗೆ ನಿಂತು ಕತ್ತೆತ್ತಿ ನೋಡಿದವಳು.

"ಮೇಸ್ತ್ರಿ," ಅಂದಳು ಮೆಲ್ಲಗೆ. "ಊಟಕ್ಕೆ ಮುಂಚೆ ಬಣ್ಣದ ಡ್ರಮ್ಮು ಕೆಳಗಿದ್ವು. ನಾನೇ ಮುಚ್ಚಳ ಹಾಕಿ ಇಟ್ಟಿದ್ದೆ. ಊಟ ಆದ್ಮೇಲೆ ತಾರಸಿ ಮೇಲಿದ್ವು. ಡ್ರಮ್ಮು ಎತ್ತೋ ರಾಟೆ ಕೆಟ್ಟು ಎರಡು ದಿನ ಆಗಿತ್ತು. ಯಾವ ಹಗ್ಗ ಬಿಚ್ಚಿ ಎತ್ತಿಸ್ದೆ?"

"ಏಯ್, ನಾಲಿಗೆ ಬಿಗಿಹಿಡಿದು ಮಾತಾಡು."

"ಬಿಚ್ಚಿದ ಮೇಲೆ ಹೇಳೋಕೇನಾಗಿತ್ತು ನಿಂಗೆ? ಹಗ್ಗ ಮುಟ್ಟಿದೀನಿ, ನೋಡ್ಕೊಂಡು ಇಳೀರಿ ಅಂತ ಒಂದು ಮಾತು. ನಿಮ್ಮಪ್ಪನ ಮನೆ ಗಂಟು ಹೋಗ್ತಿತ್ತೇನೋ ಹಲ್ಕಾ?"

ಊಟ ಮುಗಿಸಿ ನಾನೂ ಭಾವನೂ ತಾರಸಿಗೆ ಹತ್ತಿ ನೋಡಿರಲಿಲ್ಲ. ಯಾಕೆ ನೋಡಬೇಕು? ನನ್ನ ಗಂಟನ್ನು ಯಾರೂ ಮುಟ್ಟುವುದಿಲ್ಲ ಎಂದು ನಂಬಿದ್ದೆವು. ಅದೊಂದೇ ನಾವು ಮಾಡಿದ ತಪ್ಪು.

ಸಾಹೇಬ ಫೈಲು ಮುಚ್ಚಿ ಎದ್ದ. "ಇವೆಲ್ಲ ಇವತ್ತಿನ ವಿಷಯ ಅಲ್ಲ. ಮುಂದಿನ ತಿಂಗಳು ನೋಡೋಣ. ದಾರಿ ಬಿಡಿ."

ದಾರಿ ಇರಲಿಲ್ಲ. ನನ್ನ ಗಾಲಿಕುರ್ಚಿ ಬಾಗಿಲ ತುಂಬ ನಿಂತಿತ್ತು, ಸರಳಿಗೆ ಕಟ್ಟಿಸಿಕೊಂಡು.

"ಬಿಚ್ಚೋ ಅದನ್ನ."

ಅಕ್ಕ ಬಂದು ನನ್ನ ಕಾಲ ಬಳಿ ಹೊಸ್ತಿಲ ಮೇಲೆ ಕೂತಳು. ಮುರಿದ ಕಾಲಿನ ಮೇಲೆ ಕೈಯಿಟ್ಟಳು. ಎರಡು ತಿಂಗಳಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ನಾನು ಹೇಳಿದ್ದನ್ನ ಮೊದ್ಲು ಬರ್ಕೊಳ್ಳಿ ಸಾರ್," ಅಂದಳು. "ಆಮೇಲೆ ಅವನೇ ಬಿಚ್ತಾನೆ."

ಸಾಹೇಬ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಬಂದು ಗಂಟಿಗೆ ಕೈ ಹಾಕಿದ. ನಾನು ಕೈ ಮಡಚಿ ಕೂತೆ. ಅವನು ಉಗುರು ತೂರಿಸಿದ, ಬೈದ, ಬಲಕ್ಕೆ ಎಳೆದ. ಎಳೆದಷ್ಟೂ ಅದು ಬಿಗಿಯಾಯಿತು.